ಖಂಡಿಸು ಎಂಬ ಮಾತಿನ ಅರ್ಥ

ಪಾಠ: ಅಪೊಸ್ತಲರ ಕೃತ್ಯಗಳು 24:1–21

ಪ್ರಿಯರೇ, ಖಂಡಿಸು ಎಂಬ ಕ್ರಿಯಾಪದಕ್ಕೆ ತುಂಡುಮಾಡು ಎಂಬುದೇ ಮೂಲಾರ್ಥವು. ತಪ್ಪನ್ನು ತೆಗಳುವದಕ್ಕೂ ಜನರು ಅದನ್ನು ಉಪಯೋಗಿಸುತ್ತಾರೆ. ನ್ಯಾಯಸ್ಥಾನದಲ್ಲಾದರೋ ಎದುರುವಾದಿಯ ಮಾತನ್ನು ಸಾಕ್ಷ್ಯದಿಂದ ಮುರಿಯುವದೇ ಖಂಡನೆಯು. ಬರಿದೇ ಅಲ್ಲವೆನ್ನುವದು ನಿರಾಕರಣೆ ಮಾತ್ರವೇ.

ಕೈಸರೈಯದಲ್ಲಿ ದೇಶಾಧಿಪತಿಯಾದ ಫೇಲಿಕ್ಸನ ಮುಂದೆ ವಕೀಲನಾದ ತೆರ್ತುಲ್ಲನು ಪೌಲನ ಮೇಲೆ ದಂಗೆಯ ದೂರನ್ನೂ ದೇವಾಲಯವನ್ನು ಅಪವಿತ್ರಮಾಡಲು ಯತ್ನಿಸಿದನೆಂಬ ದೂರನ್ನೂ ಹೊರಿಸಿದನು. ಪೌಲನು ತಿರುಗಿ ಬೈಯಲಿಲ್ಲ. ತಾನು ಯೆರೂಸಲೇಮಿಗೆ ಬಂದು ಹನ್ನೆರಡು ದಿನಗಳಿಗಿಂತ ಹೆಚ್ಚಾಗಲಿಲ್ಲವೆಂದು ಲೆಕ್ಕಕೊಟ್ಟನು. ದೂರಿಗೆ ರುಜುವಾತಿಲ್ಲವೆಂದು ತೋರಿಸಿದನು. ತನ್ನನ್ನು ದೇವಾಲಯದಲ್ಲಿ ಕಂಡ ಆಸ್ಯಸೀಮೆಯ ಯೆಹೂದ್ಯರೇ ಬಂದು ಹೇಳಬೇಕಾಗಿತ್ತೆಂದನು. ಆದರೆ ತಾನು ಕ್ರಿಸ್ತಮಾರ್ಗದವನೆಂಬ ನಿಜವನ್ನು ಮರೆಮಾಡದೆ ಒಪ್ಪಿಕೊಂಡನು.

ಸಹೋದರರೇ, ನಿಮ್ಮ ಮೇಲೆ ಸುಳ್ಳು ದೂರು ಬಂದಾಗ ದಿನವನ್ನೂ ಸ್ಥಳವನ್ನೂ ಸಾಕ್ಷಿಗಳನ್ನೂ ಮುಂದಿಡಿರಿ. ಸುಳ್ಳನ್ನು ಖಂಡಿಸಿರಿ, ಸುಳ್ಳಾಡಿದವನನ್ನು ದ್ವೇಷಿಸಬೇಡಿರಿ. ಶಿಕ್ಷೆಗೆ ಅಂಜಿ ನಿಜವನ್ನು ಅಲ್ಲಗಳೆಯಬೇಡಿರಿ.