ಟಿವಿ ಅಂಗಡಿಯ ಒಂದು ಷೇರು: ಮೊದಲ ಸಲ ಕೊಳ್ಳುವವರಿಗೆ ಹಂತ ಹಂತವಾಗಿ

ಮಂಡ್ಯಕ್ಕೆ ಷೇರು ಹೊಸ ಮಾತಲ್ಲ. 1933ರಲ್ಲಿ ಹುಟ್ಟಿದ ಮೈಷುಗರ್ ಕಂಪನಿಯಲ್ಲಿ ಸರ್ಕಾರದ ಜೊತೆ ಕಬ್ಬು ಬೆಳೆಗಾರರೂ ಷೇರುದಾರರು. ಅಜ್ಜನ ಕಾಲದಲ್ಲಿ ಷೇರು ಅಂದರೆ ಟ್ರಂಕಿನಲ್ಲಿ ಇಡುವ ಕಾಗದ. ಈಗ ಅದು ಮೊಬೈಲಿಗೆ ಬಂದಿದೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡು ತುಂಬಿಸಿ ಕೂತ ಹುಡುಗನೋ ಮಳವಳ್ಳಿಯಲ್ಲಿ ಹೊಲಿಗೆ ಅಂಗಡಿ ನಡೆಸುವ ಅಕ್ಕನೋ ಕೇಳುತ್ತಾರೆ: ‘ಟಿವೀಲಿ ಸಾಮಾನು ಮಾರ್ತಾರಲ್ಲ, ಆ ಥರದ ಕಂಪನಿ ಷೇರು ನಾವೂ ತಗಬೋದಾ?’

ತಗಬೋದು. ಭಯಪಡಬೇಡಿ. ಕೊಳ್ಳುವುದಕ್ಕೆ ಎರಡು ನಿಮಿಷ ಸಾಕು. ಕೊಳ್ಳುವ ಮುಂಚೆ ಕಂಪನಿಯನ್ನು ಓದುವುದಕ್ಕೆ ಎರಡು ಸಂಜೆಯಾದರೂ ಕೊಡಿ. ಕೆಳಗೆ ಜೈಪುರದ ವೈಭವ್ ಗ್ಲೋಬಲ್ ಕಂಪನಿಯ ಹೆಸರು ಬರುತ್ತದೆ. ಅದು ಕಲಿಯಲು ಹಿಡಿದ ಉದಾಹರಣೆ. ಅದನ್ನೇ ಕೊಳ್ಳಿ ಎಂಬ ಸಲಹೆ ಅಂತ ತಿಳಿಯಬೇಡಿ.

ಹಂತ 1: ಹಣ ಬೇರೆ ಎತ್ತಿಡಿ

ಐದು ವರ್ಷ ಮುಟ್ಟದಿದ್ದರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣ ಮಾತ್ರ. ಮೊದಲ ಸಲ ಎರಡು ಸಾವಿರ ರೂಪಾಯಿ ಸಾಕು. ಚಿನ್ನ ಅಡವಿಟ್ಟ ಸಾಲ, ಬೆಳೆ ಸಾಲ, ಚೀಟಿ ಎತ್ತಿದ ದುಡ್ಡು ಇದಕ್ಕೆ ಬೇಡ. ಕಬ್ಬಿನ ಬಿಲ್ಲು ಇನ್ನೂ ಕೈಗೆ ಬಂದಿಲ್ಲವಾದರೆ ಬರುವವರೆಗೆ ಕಾಯಿರಿ. ಸಣ್ಣ ಕಂಪನಿಯ ಷೇರು ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿಯುವುದುಂಟು.

ಹಂತ 2: ಕಾಗದಪತ್ರ ಹೊಂದಿಸಿ

ಪ್ಯಾನ್ ಕಾರ್ಡ್, ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್ ಪಾಸ್‌ಬುಕ್, ಬಿಳಿ ಹಾಳೆಯ ಮೇಲೆ ಮಾಡಿದ ಸಹಿಯ ಫೋಟೊ. ಇಷ್ಟೇ.

ಹೊಸಬರು ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ಪಾಸ್‌ಬುಕ್‌ನಲ್ಲಿ ‘ಗೌಡ’ ಬಿಟ್ಟು ಹೋಗಿರುತ್ತದೆ. ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಾಳೆಯಾಗದಿದ್ದರೆ ಮೊದಲು ತಿದ್ದಿಸಿ. ಇಲ್ಲವಾದರೆ ಅರ್ಜಿ ತಿರುಗಿ ಬರಬಹುದು.

ಹಂತ 3: ಡಿಮ್ಯಾಟ್ ಖಾತೆ ತೆರೆಯಿರಿ

ಡಿಮ್ಯಾಟ್ ಅಂದರೆ ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆ. ಅದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿದ ಬ್ರೋಕರ್ ಬೇಕು. ನಿಮ್ಮ ಬ್ಯಾಂಕಿನ ಮೂಲಕವೂ ಆಗುತ್ತದೆ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಝೆರೋಧಾದಂಥ ಆ್ಯಪ್‌ನಲ್ಲೂ ಆಗುತ್ತದೆ. ವಿವರ ತುಂಬಿ, ಸೆಲ್ಫಿ ಕೊಡಿ, ಆಧಾರ್ ಒಟಿಪಿ ಹಾಕಿ ಇ-ಸೈನ್ ಮಾಡಿ. ನಾಮಿನಿ ಹೆಸರನ್ನು ಅಲ್ಲೇ ತುಂಬಿ, ‘ಆಮೇಲೆ’ ಎಂದು ಬಿಡಬೇಡಿ. ‘ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಬೇಕೇ?’ ಎಂದು ಕೇಳಿದರೆ ಬೇಡ ಎನ್ನಿ.

‘ನಾನೇ ಮಾಡಿಕೊಡ್ತೀನಿ, ಪಾಸ್‌ವರ್ಡ್ ಹೇಳಿ’ ಎನ್ನುವವರು ಎಷ್ಟೇ ಪರಿಚಯದವರಾಗಲಿ, ಪಾಸ್‌ವರ್ಡೂ ಒಟಿಪಿಯೂ ನಿಮ್ಮ ಹತ್ತಿರವೇ ಇರಲಿ.

ಹಂತ 4: ಆ ಕಂಪನಿಯ ಷೇರು ಸಿಗುತ್ತದೆಯೇ ನೋಡಿ

ಟಿವಿಯಲ್ಲಿ ದಿನಾ ಕಂಡ ಹೆಸರೆಲ್ಲ ಷೇರುಪೇಟೆಯಲ್ಲಿ ಇರುವುದಿಲ್ಲ. 2008ರಲ್ಲಿ ಶುರುವಾದ ಹೋಮ್‌ಶಾಪ್18 ಮನೆಮಾತಾಗಿತ್ತು. 2014ರಲ್ಲಿ ಅಮೆರಿಕದ ಪೇಟೆಯಲ್ಲಿ ಷೇರು ಬಿಡಲು ಅರ್ಜಿ ಹಾಕಿತು, ಅದು ಕೈಗೂಡಲಿಲ್ಲ. ವೈಭವ್ ಗ್ಲೋಬಲ್‌ನದು ತಿರುವುಮುರುವು. ಅದರ ಷೇರು ಎನ್‌ಎಸ್‌ಇ, ಬಿಎಸ್‌ಇ ಎಂಬ ಎರಡೂ ಷೇರುಪೇಟೆಗಳಲ್ಲಿ ಸಿಗುತ್ತದೆ, ಆದರೆ ಅದರ ಚಾನೆಲ್ ಮಂಡ್ಯದ ಕೇಬಲ್‌ನಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಮತ್ತು ಜರ್ಮನಿಯಲ್ಲಿ ಶಾಪ್ ಎಲ್‌ಸಿ, ಬ್ರಿಟನ್‌ನಲ್ಲಿ ಟಿಜೆಸಿ ಎಂಬ ಹೆಸರಿನಲ್ಲಿ ಟಿವಿ, ವೆಬ್‌ಸೈಟ್, ಆ್ಯಪ್ ಮೂಲಕ ಒಡವೆ, ಬಟ್ಟೆ, ಮನೆ ಸಾಮಾನು ಮಾರುತ್ತದೆ. 2023-24ರಲ್ಲಿ ಅದರ ವಹಿವಾಟು ಸುಮಾರು 3,000 ಕೋಟಿ ರೂಪಾಯಿ.

ಬ್ರೋಕರ್ ಆ್ಯಪ್‌ನ ಹುಡುಕುವ ಜಾಗದಲ್ಲಿ ಕಂಪನಿಯ ಪೂರ್ತಿ ಹೆಸರು ಟೈಪ್ ಮಾಡಿ. ಒಂದೇ ಥರದ ಹೆಸರಿನ ಬೇರೆ ಕಂಪನಿಗಳೂ ಬರುತ್ತವೆ, ನೋಡಿ ಆರಿಸಿ.

ಹಂತ 5: ಅಂಗಡಿಯ ಲೆಕ್ಕ ಓದಿ

ಇಲ್ಲಿ ನಿಧಾನಿಸಿ. ಎನ್‌ಎಸ್‌ಇ ಅಥವಾ ಬಿಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ಇನ್ನೂರು ಪುಟ ಕಂಡು ಗಾಬರಿಯಾಗಬೇಡಿ, ಎಲ್ಲ ಓದಬೇಕಿಲ್ಲ.

ಮೊದಲು ಪ್ರಸಾರದ ಖರ್ಚು ಹುಡುಕಿ. ಟಿವಿ ಅಂಗಡಿಗೆ ಚಾನೆಲ್‌ನ ಜಾಗ ಅಂದರೆ ಪೇಟೆಬೀದಿಯ ಮಳಿಗೆ ಇದ್ದ ಹಾಗೆ. ಗಿರಾಕಿ ಬರಲಿ ಬಿಡಲಿ, ಕೇಬಲ್ ಮತ್ತು ಡಿಟಿಎಚ್ ಕಂಪನಿಗಳಿಗೆ ಬಾಡಿಗೆ ಕಟ್ಟಲೇಬೇಕು. ಮಾರಾಟ ಏರದೆ ಈ ಖರ್ಚು ಮಾತ್ರ ವರ್ಷ ವರ್ಷ ಏರುತ್ತಿದ್ದರೆ ಎಚ್ಚರ.

ಆಮೇಲೆ ವಾಪಸಾಗುವ ಸಾಮಾನು. ನಿರೂಪಕಿ ಬಳೆಯನ್ನು ಕ್ಯಾಮೆರಾಗೆ ಹತ್ತಿರ ಹಿಡಿದು ಹೊಳಪು ತೋರಿಸುತ್ತಾಳೆ, ಪಕ್ಕದಲ್ಲಿ ಉಳಿದ ನಗಗಳ ಲೆಕ್ಕ ಇಳಿಯುತ್ತಿರುತ್ತದೆ, ನೋಡುವವರು ಆತುರದಲ್ಲಿ ಆರ್ಡರ್ ಮಾಡುತ್ತಾರೆ. ಪೆಟ್ಟಿಗೆ ಬಾಗಿಲಿಗೆ ಬಂದಾಗ ಮನಸ್ಸು ಬದಲಾದರೆ ಹೋಗಿ ಬರುವ ಸಾಗಣೆ ಖರ್ಚು ಕಂಪನಿಯ ತಲೆಗೆ ಬೀಳಬಹುದು. ಹಳೆ ಗಿರಾಕಿಗಳು ಮತ್ತೆ ಮತ್ತೆ ಕೊಳ್ಳುತ್ತಿದ್ದಾರೆಯೇ, ಟಿವಿಯ ಮಾರಾಟ ಎಷ್ಟು, ಆನ್‌ಲೈನ್ ಮಾರಾಟ ಎಷ್ಟು ಎಂದೂ ನೋಡಿ. ಈ ವ್ಯಾಪಾರದ ಜೀವ ಇರುವುದು ಹಳೆ ಗಿರಾಕಿಯಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ.

ಮೂರನೆಯದು ಸಾಲ. ಅಮೆರಿಕದಲ್ಲಿ ಶಾಪ್‌ಎಚ್‌ಕ್ಯು ಎಂಬ ಶಾಪಿಂಗ್ ಚಾನೆಲ್ ಮತ್ತು ಆನ್‌ಲೈನ್ ಅಂಗಡಿಗಳನ್ನು ನಡೆಸುತ್ತಿದ್ದ ಐಮೀಡಿಯಾ ಬ್ರ್ಯಾಂಡ್ಸ್ ಸಾಲದ ಹೊರೆ ತಾಳದೆ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆಗೆ ಕೋರ್ಟ್ ಮೆಟ್ಟಿಲು ಹತ್ತಿತು. ಹಾಗಾದಾಗ ಮೊದಲು ಸಾಲ ಕೊಟ್ಟವರಿಗೆ ಪಾವತಿ. ಷೇರುದಾರರ ಸರದಿ ಕೊನೆಯದು.

ಹೊರದೇಶದಲ್ಲಿ ಮಾರುವ ಕಂಪನಿಯಾದರೆ ಅಲ್ಲಿನ ಸುದ್ದಿಯೂ ನಿಮ್ಮ ಸುದ್ದಿಯೇ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಬಹಳಷ್ಟು ಸರಕಿನ ಮೇಲೆ ಶೇ 50ರಷ್ಟು ಸುಂಕ ಹಾಕಿತು. ಜೈಪುರದಲ್ಲಿ ಕೂರಿಸಿದ ಹರಳಿಗೆ ಇಂಥ ಬಿಸಿ ತಟ್ಟದೇ ಇರುವುದಿಲ್ಲ.

ಹಂತ 6: ಟಿಪ್ಸ್ ಬಂದರೆ ಫೋನ್ ಕೆಳಗಿಡಿ

ಇದನ್ನು ಕಾಳಜಿಯಿಂದ ಹೇಳುತ್ತಿದ್ದೇನೆ, ದಯವಿಟ್ಟು ಕೇಳಿ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಟಿವಿ ಕಂಪನಿ ಇತ್ತು. 2022ರಲ್ಲಿ ಯೂಟ್ಯೂಬ್‌ನಲ್ಲಿ, ದೊಡ್ಡ ಉದ್ಯಮ ಸಮೂಹವೊಂದು ಇದನ್ನು ಕೊಳ್ಳಲಿದೆ ಎಂಬ ಸುಳ್ಳು ವಿಡಿಯೊಗಳು ಬಂದವು. ನಂಬಿದ ಸಾವಿರಾರು ಸಣ್ಣ ಹೂಡಿಕೆದಾರರು ಏರಿದ ಬೆಲೆಗೆ ಕೊಂಡರು. ಮೊದಲೇ ಷೇರು ಇಟ್ಟುಕೊಂಡಿದ್ದವರು ಅವರಿಗೆ ಮಾರಿ ಹೊರನಡೆದರು. ಸೆಬಿ 2023ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿ ಹಲವರನ್ನು ಪೇಟೆಯಿಂದ ನಿರ್ಬಂಧಿಸಿತು. ಅಷ್ಟರಲ್ಲಿ ಕೊಂಡವರ ದುಡ್ಡು ಹೋಗಿತ್ತು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಡಬಲ್’ ಎಂದು ಬಂದರೆ ಗುಂಪಿನಿಂದ ಹೊರಬನ್ನಿ.

ಹಂತ 7: ಒಂದೇ ಒಂದು ಷೇರು ಕೊಳ್ಳಿ

ಪೇಟೆ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಮೊದಲ ಅರ್ಧ ಗಂಟೆ ಬೆಲೆ ಕುಣಿಯುತ್ತದೆ. ಹತ್ತು ಗಂಟೆ ಕಳೆಯಲಿ.

ಯುಪಿಐ ಮೂಲಕ ಖಾತೆಗೆ ಹಣ ಹಾಕಿ. ಕಂಪನಿ ಆರಿಸಿ ‘ಬೈ’ ಒತ್ತಿ. ಸಂಖ್ಯೆಯ ಜಾಗದಲ್ಲಿ 1 ಎಂದು ಬರೆಯಿರಿ. ‘ಡೆಲಿವರಿ’ ಆರಿಸಿ. ತಪ್ಪಿ ‘ಇಂಟ್ರಾಡೇ’ ಒತ್ತಿದರೆ ಅವತ್ತೇ ಸಂಜೆಯೊಳಗೆ ಅದು ತಾನಾಗಿ ಮಾರಿಹೋಗುತ್ತದೆ. ಆಮೇಲೆ ‘ಲಿಮಿಟ್’ ಆರಿಸಿ, ನೀವು ಕೊಡಲು ಒಪ್ಪುವ ಬೆಲೆ ಬರೆಯಿರಿ. ಸಣ್ಣ ಕಂಪನಿಯಲ್ಲಿ ಮಾರುವವರು ಕಡಿಮೆ ಇರುವ ಹೊತ್ತಿನಲ್ಲಿ ‘ಮಾರ್ಕೆಟ್’ ಒತ್ತಿದರೆ ನೀವು ಎಣಿಸದ ಬೆಲೆಗೆ ಸಿಕ್ಕೀತು. ಇನ್ನೊಮ್ಮೆ ಓದಿ, ಒಪ್ಪಿಗೆ ಒತ್ತಿ.

ಮುಂದಿನ ಕೆಲಸದ ದಿನ ಷೇರು ನಿಮ್ಮ ಡಿಮ್ಯಾಟ್‌ಗೆ ಬಂದು ಕೂರುತ್ತದೆ. ನೀವೀಗ ಷೇರುದಾರರು.

ಹಂತ 8: ಮೂರು ತಿಂಗಳಿಗೊಮ್ಮೆ ನೋಡಿ

ಕಂಪನಿ ಪ್ರತಿ ತ್ರೈಮಾಸಿಕದ ಲೆಕ್ಕ ಬಿಡುಗಡೆ ಮಾಡುತ್ತದೆ. ಅವತ್ತು ಹಂತ 5ರ ಪ್ರಶ್ನೆಗಳನ್ನೇ ಮತ್ತೆ ಕೇಳಿ, ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ದಿನಾ ಬೆಲೆ ನೋಡುವ ಅಗತ್ಯವಿಲ್ಲ. ಬೆಲೆ ಒಂದೇ ರಾತ್ರಿಯಲ್ಲಿ ಐದನೇ ಒಂದು ಭಾಗಕ್ಕೆ ಇಳಿದಂತೆ ಕಂಡರೂ ಗಾಬರಿಗೆ ಮುಂಚೆ ಷೇರುಗಳ ಸಂಖ್ಯೆ ನೋಡಿ. ವೈಭವ್ 2021ರಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆದಿತ್ತು.

ಮಾರುವಾಗ ಆ್ಯಪ್ ಟಿ-ಪಿನ್ (ಮಾರಾಟಕ್ಕೆ ಒಪ್ಪಿಗೆ ಕೊಡುವ ಗುಪ್ತಸಂಖ್ಯೆ) ಮತ್ತು ಒಟಿಪಿ ಕೇಳಬಹುದು, ಅದು ನಿಮ್ಮ ರಕ್ಷಣೆಗೇ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಶೇ 20 ತೆರಿಗೆ. ವರ್ಷ ದಾಟಿದ ಮೇಲೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಶೇ 12.5. ಬ್ರೋಕರ್ ಜೊತೆ ತಕರಾರು ಬಂದರೆ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದಾಖಲಿಸಿ. ಅದಕ್ಕೆ ಶುಲ್ಕವಿಲ್ಲ.