ಬಾಗಿಲು ಕಾದವರು, ರೋಗಿ ಕಾದವರು

1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂಬ ಸುದ್ದಿ ಹಬ್ಬಿದಾಗ ಬೆಟಗೇರಿಯ ನಮ್ಮ ಓಣಿಯಲ್ಲಿ ಕೋಳಿಗಳಿಗೆ ಉಳಿಗಾಲವಿರಲಿಲ್ಲ. ಸಾಯುವುದೇ ಆದರೆ ಉಂಡು ಸಾಯೋಣ ಎಂದು ಯಾರೋ ಒಬ್ಬರು ಶುರು ಮಾಡಿದರು, ಉಳಿದವರಿಗೆ ಅಷ್ಟೇ ಸಾಕಾಯಿತು. ಯಂತ್ರದ ಚೂರುಗಳು ಹಿಂದೂ ಮಹಾಸಾಗರಕ್ಕೂ ಆಸ್ಟ್ರೇಲಿಯಾದ ಪಶ್ಚಿಮಕ್ಕೂ ಬಿದ್ದವು. ಉದ್ರಿ ತಂದ ಮಸಾಲೆಯ ಲೆಕ್ಕ ಮಾತ್ರ ಓಣಿಯಲ್ಲೇ ಉಳಿಯಿತು. ಅದಕ್ಕೂ ಮುಂಚೆ 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟಕ್ಕೆ ಜನ ಹೆದರಿದ್ದನ್ನು ಅವ್ವ ಹೇಳುತ್ತಿದ್ದಳು. ಆಮೇಲೆ ನಾನೇ ಕಂಡವು ಇವೆ: 2000ದ ಕಂಪ್ಯೂಟರ್ ಗಾಬರಿ, ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಗೊತ್ತುಮಾಡಿದ 2011ರ ಮೇ 21, ಮರುವರ್ಷದ ಮಾಯಾ ಪಂಚಾಂಗ, ಕೊನೆಗೆ ಕೊರೊನಾ. ಮುಂದಾಗುವುದನ್ನು ಮೊದಲೇ ಕೇಳಿಬಿಡುವ ಆಸೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ನಮ್ಮ ಕಡೆಯದು, ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕಕ್ಕೆ ಇವತ್ತಿಗೂ ಲಕ್ಷಗಟ್ಟಲೆ ಜನ ಕಿವಿಗೊಡುತ್ತಾರೆ.

ಇದನ್ನೆಲ್ಲ ನಗುವುದಕ್ಕೆ ಹೇಳುತ್ತಿಲ್ಲ. ನಾನು ಕ್ರೈಸ್ತಳು. ಕ್ರಿಸ್ತನು ಮತ್ತೆ ಬರುತ್ತಾನೆ, ನ್ಯಾಯತೀರ್ಪು ಇದೆ ಎಂದು ಭಾನುವಾರದ ಆರಾಧನೆಯಲ್ಲಿ ಬಾಯಿಬಿಟ್ಟು ಒಪ್ಪಿಕೊಳ್ಳುತ್ತೇನೆ, ಮನಸ್ಸಿನಲ್ಲೂ ಒಪ್ಪಿದ್ದೇನೆ. ಕರ್ತನ ಬರೋಣವನ್ನು ಮುದುಕಿಯರ ಕಥೆ ಎಂದು ತಳ್ಳಿಹಾಕುವವರ ಜತೆ ನನಗೆ ಸರಿಹೋಗುವುದಿಲ್ಲ. ಆದರೆ ಬರುವವನಿಗಾಗಿ ಕಾಯುವುದು ಎಂದರೆ ಏನು ಮಾಡುವುದು? ಇದನ್ನು ನನಗೆ ಕಲಿಸಿದ್ದು ಪ್ರಸಂಗಗಳಿಗಿಂತ ಹೆಚ್ಚಾಗಿ ನೈಟ್ ಡ್ಯೂಟಿ.

ನರ್ಸಿಂಗ್ ಕಲಿಯುವಾಗ ನಮ್ಮ ಮೇಟ್ರನ್ ರಾತ್ರಿ ಯಾವ ಹೊತ್ತಿಗಾದರೂ ರೌಂಡ್ಸಿಗೆ ಬಂದುಬಿಡುತ್ತಿದ್ದರು. ಹನ್ನೊಂದಕ್ಕೆ ಬಂದು ಹೋದರೆಂದು ನಿಶ್ಚಿಂತೆಯಿಂದ ಇದ್ದರೆ ಮೂರಕ್ಕೆ ಮತ್ತೆ ಪ್ರತ್ಯಕ್ಷ. ನನ್ನ ಜತೆಗಿದ್ದ ಒಬ್ಬಳಿಗೆ ಅವರ ಭಯ ಎಷ್ಟೆಂದರೆ, ರಾತ್ರಿಯಿಡೀ ಕುರ್ಚಿಯನ್ನು ಬಾಗಿಲಿಗೆ ತಿರುಗಿಸಿ ಹಾಕಿಕೊಂಡು ವರಾಂಡದಲ್ಲಿ ಚಪ್ಪಲಿ ಸಪ್ಪಳಕ್ಕೆ ಕಿವಿಗೊಟ್ಟು ಕೂತಿರುತ್ತಿದ್ದಳು. ಕಣ್ಣು ಮುಚ್ಚಿದವಳಲ್ಲ. ಒಂದು ರಾತ್ರಿ ಮೇಟ್ರನ್ ಬಂದಾಗ ತಟ್ಟನೆ ಎದ್ದು ನಿಂತಳು, ಟೋಪಿ ನೆಟ್ಟಗಿತ್ತು, ಸಮವಸ್ತ್ರಕ್ಕೆ ಸುಕ್ಕಿರಲಿಲ್ಲ. ಅವಳ ಬೆನ್ನ ಹಿಂದೆ ಮೂಲೆಯ ಹಾಸಿಗೆಯ ಡ್ರಿಪ್ ಮುಗಿದು, ನಳಿಕೆಯಲ್ಲಿ ರಕ್ತ ಮೇಲೇರಿತ್ತು. ಮೇಟ್ರನ್ ಬೈಯಲಿಲ್ಲ. ತಾವೇ ಹೋಗಿ ಸೂಜಿ ಸರಿಮಾಡಿದರು, ಆಮೇಲೆ ಕುರ್ಚಿಯನ್ನು ಎತ್ತಿ ರೋಗಿಗಳ ಕಡೆ ತಿರುಗಿಸಿ ಇಟ್ಟು ಹೋದರು.

ಮತ್ತಾಯನ ಸುವಾರ್ತೆಯ 24 ಮತ್ತು 25ನೇ ಅಧ್ಯಾಯಗಳನ್ನು ಓದಿದಾಗಲೆಲ್ಲ ನನಗೆ ಆ ಕುರ್ಚಿ ಕಾಣುತ್ತದೆ. ಯುದ್ಧ, ಕ್ಷಾಮ, ಭೂಕಂಪಗಳ ಮಾತು ಅಲ್ಲಿ ಇದೆ, ನಿಜ. ಕಡೇ ದಿನಗಳ ಕೂಟಗಳಲ್ಲಿ ಬೋಧಕರು ಹೆಚ್ಚಾಗಿ ಅಲ್ಲಿಗೇ ನಿಂತುಬಿಡುತ್ತಾರೆ. ಆದರೆ ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ತಿಳಿಯದು ಎಂದ ಮೇಲೆ ಯೇಸುಸ್ವಾಮಿ ಹೇಳುವ ಸಾಮ್ಯಗಳೆಲ್ಲ ಮನೆವಾರ್ತೆಯವು. ಯಜಮಾನ ಊರಿಗೆ ಹೋಗುವಾಗ ನಂಬಿಗಸ್ತ ಆಳಿಗೆ ವಹಿಸಿದ ಕೆಲಸ ಯಾವುದು? ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವುದು. ತಲಾಂತುಗಳ ಸಾಮ್ಯದಲ್ಲಿ ಲೆಕ್ಕಪತ್ರ, ವ್ಯಾಪಾರ. ಕುರಿ–ಆಡುಗಳ ತೀರ್ಪಿನಲ್ಲಿ ಅನ್ನ, ನೀರು, ಬಟ್ಟೆ, ರೋಗಿಯ ಭೇಟಿ. ಅಲ್ಲಿ ಬಲಗಡೆ ನಿಂತವರಿಗೆ ತಾವು ಮಾಡಿದ್ದು ದೊಡ್ಡ ಕೆಲಸವೆಂಬುದೇ ಗೊತ್ತಿಲ್ಲ, ಯಾವಾಗ ಮಾಡಿದೆವು ಸ್ವಾಮೀ ಎಂದು ಕೇಳುತ್ತಾರೆ. ನನಗೆ ಆ ಅಧ್ಯಾಯದಲ್ಲಿ ಬಹಳ ಹಿಡಿಸಿದ ಜಾಗ ಅದು.

ಹತ್ತು ಕನ್ಯೆಯರ ಸಾಮ್ಯ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಮದಲಿಂಗ ಬರುವುದು ತಡವಾದಾಗ ಹತ್ತೂ ಮಂದಿ ನಿದ್ದೆ ಹೋದರು, ಜಾಣೆಯರು ಕೂಡ. ಹಾಗಾಗಿ ನಿದ್ದೆ ತಪ್ಪಲ್ಲ, ನೈಟ್ ಡ್ಯೂಟಿ ಮಾಡಿದವಳಿಗೆ ಇದು ಸಮಾಧಾನದ ವಿಷಯವೇ. ಕಾಡಿದ್ದು ಎಣ್ಣೆಯ ಮಾತು. ಇದ್ದವರು ಇಲ್ಲದವರಿಗೆ ಒಂದಿಷ್ಟು ಕೊಟ್ಟಿದ್ದರೆ ಏನಾಗುತ್ತಿತ್ತು? ಉತ್ತರ ಹೊಳೆದದ್ದು ವಾರ್ಡಿನಲ್ಲೇ. ನಡುರಾತ್ರಿ ಬತ್ತಿಹೋದ ಮಗುವಿಗೆ ರಕ್ತನಾಳ ಸಿಗದಿದ್ದಾಗ ಪಕ್ಕದ ವಾರ್ಡಿನಿಂದ ಸೂಜಿ ಸಾಲ ತರಬಹುದು, ಬಾಟಲಿ ತರಬಹುದು. ಸೂಜಿ ಹಾಕುವ ಕೈಯ ಅಭ್ಯಾಸ ತರಲಾಗದು. ಅದು ಹಗಲುಗಳಲ್ಲಿ ಕೂಡಿಟ್ಟದ್ದು. ತಾಳ್ಮೆ, ಪ್ರಾರ್ಥನೆ, ಕ್ಷಮಿಸುವುದು ಎಲ್ಲ ಆ ಜಾತಿಯವೇ. ಸಂಕಟದ ರಾತ್ರಿ ಅವುಗಳನ್ನು ಕಲಿಯಲು ಕೂತರೆ ಆಗುವುದಿಲ್ಲ.

ನಮ್ಮ ಸಭೆಯ ಬೇರು ಬಾಸೆಲ್ ಮಿಶನ್ನಿನದು. ಅದರ ಚರಿತ್ರೆಯಲ್ಲೂ ಅಂತ್ಯಕಾಲದ ಒಂದು ದೊಡ್ಡ ಎಳೆ ಇದೆಯೆಂದು ನನಗೆ ತಿಳಿದದ್ದು ತಡವಾಗಿ. ಬಾಸೆಲ್ ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಮನೆಗಳಿಂದ ಬಂದವರು. ಆ ಸೀಮೆಯ ದೊಡ್ಡ ವೇದಪಂಡಿತ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಪ್ರಕಟನೆ ಗ್ರಂಥವನ್ನು ಲೆಕ್ಕಹಾಕಿ 1836ರಲ್ಲಿ ಯುಗ ಬದಲಾಗುತ್ತದೆ ಎಂದಿದ್ದ. 1815ರಲ್ಲಿ ಇಂಡೋನೇಷ್ಯಾದ ತಂಬೊರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬಾರದೆ ಬೆಳೆ ನೆಲಕಚ್ಚಿದಾಗ ಆ ಲೆಕ್ಕಕ್ಕೆ ಇನ್ನಷ್ಟು ಬಲ ಬಂತು. ಎಷ್ಟೋ ಕುಟುಂಬಗಳು ಕಡೇ ದಿನಕ್ಕೆ ಆಶ್ರಯ ಸಿಗುತ್ತದೆಂದು ಮನೆಮಾರು ಮಾರಿ ರಷ್ಯದ ಕಾಕಸಸ್ ಕಡೆಗೆ ಹೊರಟವು. ದಾರಿಯಲ್ಲಿ ರೋಗಕ್ಕೆ ತುತ್ತಾದವರು ಬಹಳ.

ಅದೇ 1815ರಲ್ಲಿ ಬಾಸೆಲ್ ಪಟ್ಟಣದಲ್ಲಿ ಮಿಶನ್ ಶುರುವಾಯಿತು. 1834ರಲ್ಲಿ ಅದರವರು ಮಂಗಳೂರಿಗೆ ಬಂದರು. ಯುಗ ಮುಗಿಯಬೇಕಿದ್ದ 1836ರಲ್ಲೇ ವ್ಯುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹಡಗಿನಿಂದ ಇಳಿದು ಕನ್ನಡ ಕಲಿಯಲು ಕೂತರು. ಮಿಶನ್ 1837ಕ್ಕೆ ಧಾರವಾಡ, 1841ಕ್ಕೆ ನಮ್ಮ ಬೆಟಗೇರಿ ಮುಟ್ಟಿತು. 1843ರಲ್ಲಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದರು. 1865ರಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಕರ್ತನು ಬರುತ್ತಾನೆಂದು ಇವರೂ ನಂಬಿದವರೇ. ಆದರೂ ನಿಘಂಟು ಬರೆದರು, ನೂರು ವರ್ಷ ಸೋರದ ಹೆಂಚು ಸುಟ್ಟರು. ಅವರು ಮಾಡಿದ್ದೆಲ್ಲ ಸರಿಯೆಂದು ನಾನು ವಾದಿಸುವುದಿಲ್ಲ, ಇಲ್ಲಿಯ ಜನರನ್ನು ಕೆಲವು ಸಲ ಬಹಳ ಮೇಲಿನಿಂದ ನೋಡಿದರು. ಆದರೆ ಒಂದೇ ಬೋಧನೆ ಕೇಳಿ ಬೆಳೆದ ಸೀಮೆಯಿಂದ ಕೆಲವರು ಅಡಗಿಕೊಳ್ಳಲು ಹೋದರು, ಕೆಲವರು ಶಾಲೆ ತೆರೆಯಲು ಹೊರಟರು ಎಂಬುದನ್ನು ಮರೆಯಲಾಗದು.

ಥೆಸಲೋನಿಕದ ಸಭೆಯಲ್ಲೂ ಇದೇ ತಕರಾರು. ಬರೋಣ ಹತ್ತಿರವಾಯಿತು ಎಂಬ ಗದ್ದಲದ ನಡುವೆ ಕೆಲವರು ಕೆಲಸ ಬಿಟ್ಟು ಕೂತಿದ್ದರು. ದುಡಿಯಲು ಮನಸ್ಸಿಲ್ಲದವನಿಗೆ ಊಟವೂ ಬೇಡ ಎಂಬ ಅರ್ಥದಲ್ಲಿ ಪೌಲ ಖಾರವಾಗಿ ಬರೆಯಬೇಕಾಯಿತು. ನಮ್ಮಲ್ಲೂ ಅಂಥವರನ್ನು ಕಂಡಿದ್ದೇನೆ. ಸಂಘದ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿದವರೊಬ್ಬರು ಲೋಕವೇ ಮುಗಿಯುವಾಗ ಬಡ್ಡಿ ಯಾಕೆಂದರು. ಜಾಮೀನು ನಿಂತ ಹೆಂಗಸಿನ ಲೋಕ ಮುಗಿದಿರಲಿಲ್ಲ, ಅವಳು ಕಿವಿಯೋಲೆ ಒತ್ತೆಯಿಟ್ಟು ತುಂಬಿದಳು.

2021ರಲ್ಲಿ, ಎರಡನೆಯ ಅಲೆಯ ಹೊತ್ತಿಗೆ, ಲಸಿಕೆಯೇ ಮೃಗದ ಗುರುತು ಎಂಬ ಮಾತು ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ಅದಕ್ಕಿಂತ ಹಿಂದೆ ಬಾರ್‌ಕೋಡ್ ಆ ಗುರುತಾಗಿತ್ತು. ಪ್ರಕಟನೆ ಗ್ರಂಥದ ಆ ಗುರುತು ಯಾರನ್ನು ಆರಾಧಿಸುತ್ತೀರಿ ಎಂಬುದಕ್ಕೆ ಸೇರಿದ್ದು, ತೋಳಿಗೆ ಚುಚ್ಚಿಸಿಕೊಳ್ಳುವ ಔಷಧಕ್ಕಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆ ದಿನಗಳಲ್ಲೇ ಪ್ರಾರ್ಥನಾ ಕೂಟದ ಒಬ್ಬ ವಯಸ್ಸಾದ ತಾಯಿ ಉಪವಾಸ ಹಿಡಿದು ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದರು. ಹೋಗಿ ನೋಡಿದೆ.

“ಇನ್ನ ಯಾಕ್ರಿ ಸಿಸ್ಟರ್ ಗುಳಿಗಿ? ಕರ್ತ ಬರೂ ಹೊತ್ತು ಬಂದೈತಿ” ಎಂದರು.

“ಬರಲಿ ಬಿಡ್ರಿ ಅವ್ವಾರ. ಬಂದಾಗ ನಿಮಗ ಎಚ್ಚರ ಇರಬೇಕಲ್ಲ? ಸಕ್ಕರಿ ನಾನೂರು ದಾಟೇತಿ. ಹಿಂಗ ಬಿಟ್ರ ನಾಳೆ ಆತ ಬಂದು ಬಾಗಿಲು ಬಡದ್ರೂ ನಿಮಗ ಗೊತ್ತಾಗೂದಿಲ್ಲ.”

ನಕ್ಕರು. ಆಸ್ಪತ್ರೆಗೆ ಬಂದರು.

ನಿವೃತ್ತಿಯಾದ ಮೇಲೆ ನನ್ನ ವಾರ್ಡಿನಲ್ಲಿ ಒಬ್ಬರೇ ರೋಗಿ, ನಮ್ಮ ಅತ್ತಿ. ಮರೆವು ಹತ್ತಿದೆ. ಕೊಟ್ಟ ಚಹಾ ಕೊಟ್ಟಿಲ್ಲ ಎನ್ನುತ್ತಾರೆ, ಒಮ್ಮೊಮ್ಮೆ ನನ್ನನ್ನು ಕಳ್ಳಿ ಎನ್ನುತ್ತಾರೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ನಂಬಿಗಸ್ತಳಾಗಿ ಬದುಕುವುದು ಎಂದು ಪ್ರಸಂಗದಲ್ಲಿ ಕೇಳುವಾಗ ಎದೆ ತುಂಬಿ ಬರುತ್ತದೆ. ಮಾಡುವಾಗ ಅದು ಬಹುಪಾಲು ಬೇಸರದ ಕೆಲಸ, ಇದನ್ನು ಯಾರೂ ಹೇಳುವುದಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ನನಗೆ ದರ್ಶನವೇನೂ ಆಗುವುದಿಲ್ಲ, ಎಷ್ಟೋ ದಿನ ಮನಸ್ಸು ಒಣಗಿರುತ್ತದೆ. ಆದರೂ ವೇದಪುಸ್ತಕ ತೆರೆದು ಆ ದಿನದ ಭಾಗ ಓದುತ್ತೇನೆ. ಕೆಲಸದವಳ ಸಂಬಳ ತಿಂಗಳ ಕೊನೆಗೇ ಕೊಡುತ್ತೇನೆ. ಹೊತ್ತು ಮುಳುಗುವುದರೊಳಗೆ ಸಿಟ್ಟು ಇಳಿಸಬೇಕೆಂದು ಎಫೆಸದವರಿಗೆ ಪೌಲ ಬರೆದ ಬುದ್ಧಿಯನ್ನು ನಾದಿನಿಯ ವಿಷಯದಲ್ಲಿ ಪಾಲಿಸುವುದು ಇವತ್ತಿಗೂ ಕಷ್ಟ. ಹೊಲದ ಪಾಲಿನ ಮಾತು ಬಂದ ದಿನ ಫೋನು ಇಟ್ಟು, ಮುಖ ತೊಳೆದು, ಮತ್ತೆ ನಾನೇ ಫೋನು ಮಾಡುತ್ತೇನೆ. ಅವಳು ಎತ್ತುವುದು ಬಿಡುವುದು ಅವಳಿಗೆ ಬಿಟ್ಟದ್ದು.

ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಗುಡಿಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಬಂದವರ ಬಿಪಿ ನೋಡುತ್ತೇನೆ. ಏಳು ಮುದ್ರೆ, ಏಳು ತುತೂರಿಗಳ ಗುಟ್ಟು ಬಿಡಿಸಿ ಹೇಳುವ ಹಿರಿಯರೊಬ್ಬರು ಮೊನ್ನೆ ಬಂದು ತೋಳು ಚಾಚಿದರು. ನೂರಾ ಎಪ್ಪತ್ತರ ಮೇಲಿತ್ತು.

“ರಾತ್ರಿ ಎಷ್ಟಕ್ಕ ಮಲಗತೀರಿ ಅಣ್ಣಾರ?”

“ಎರಡಾಗತೈತವ್ವ. ಇಸ್ರೇಲ್ ಕಡೆ ವಿಡಿಯೋ ನೋಡಬೇಕಲ್ಲ.”

“ಹತ್ತಕ್ಕ ಮಲಗ್ರಿ. ಉಪ್ಪಿನಕಾಯಿ ಬಿಡ್ರಿ. ನಾಳೆನ ಡಾಕ್ಟರ್‌ಗೆ ತೋರಸ್ರಿ, ಮುಂದಿನ ತಿಂಗಳು ಮತ್ತ ನನ್ನ ಕಡೆ ಬರ್ರಿ.”

“ಮುಂದಿನ ತಿಂಗಳು ಅನ್ನೂದು ಇದ್ರ” ಎಂದು ಮೇಲೆ ನೋಡಿದರು.

“ಇದ್ರ ಬರ್ರಿ. ಬರೂ ಮುಂದ ಈ ಚೀಟಿ ತರೂದು ಮರೀಬ್ಯಾಡ್ರಿ” ಎಂದು ಅಂಕಿ ಬರೆದು ಕೊಟ್ಟು, ಸಾಲಿನಲ್ಲಿ ಹಿಂದೆ ನಿಂತವರನ್ನು ಕರೆದೆ.