ಬಾಗುವ ಕೋಲನ್ನೇ ಕೊಳ್ಳು

ಮರಿ, ನೀನು ಡಲ್ಲಾಸಿಗೆ ಬಂದು ಕೆಲಸ ಹಿಡಿದೆ, ಈಗ ರಜೆ ಸಿಕ್ಕರೆ ಗಾಳ ಹಾಕಲು ಹೊರಡುತ್ತೀಯ ಎಂದು ಕೇಳಿ ಬಹಳ ಸಂತೋಷವಾಯಿತು. ಲೂಯಿಸ್‌ವಿಲ್, ರೇ ರಾಬರ್ಟ್ಸ್, ಲೇಕ್ ಫೋರ್ಕ್‌ನಂಥ ಜಲಾಶಯಗಳು ಕೈಗೆಟುಕುವ ದೂರದಲ್ಲಿರುವಾಗ ಮನೆಯಲ್ಲಿ ಕೂರುವುದೇ ತಪ್ಪು. ಕ್ರ್ಯಾಂಕ್‌ಬೈಟ್ ಎಸೆಯಲು ಯಾವ ರಾಡ್ ಕೊಳ್ಳಲಿ, ನೂರು ಡಾಲರಿಗಿಂತ ಹೆಚ್ಚು ಹಾಕುವ ಶಕ್ತಿ ಇಲ್ಲ ಎಂದೆಯಲ್ಲ. ನೂರು ಬೇಡ, ಐವತ್ತರ ಆಸುಪಾಸಿನಲ್ಲೇ ಒಳ್ಳೆಯ ರಾಡ್ ಸಿಗುತ್ತದೆ. ಬೇರೆ ಬಗೆಯ ಮೀನುಗಾರಿಕೆಯಲ್ಲಿ ದುಬಾರಿ ರಾಡಿಗೆ ಬೆಲೆ ಇರಬಹುದು. ಇದೊಂದರಲ್ಲಿ ಮಾತ್ರ ಅಗ್ಗದ್ದೇ ಎಷ್ಟೋ ಸಲ ಹೆಚ್ಚು ಹೊಂದುತ್ತದೆ. ಏಕೆಂದು ತಿಳಿದುಕೊಂಡು ಅಂಗಡಿಗೆ ಹೋಗು.

ಮೊದಲು ಬೈಟನ್ನು ಅಂಗೈ ಮೇಲಿಟ್ಟು ನೋಡು. ಪ್ಲಾಸ್ಟಿಕ್ಕಿನ ಅಥವಾ ಮರದ ಪುಟ್ಟ ಮೀನು, ಮೂತಿಯ ಕೆಳಗೆ ಚಾಚಿದ ತುಟಿ, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಕೊಕ್ಕೆ. ರೀಲ್ ಸುತ್ತುತ್ತಿದ್ದಂತೆ ನೀರು ಆ ತುಟಿಯನ್ನು ಒತ್ತಿ ಬೈಟನ್ನು ಕೆಳಕ್ಕಿಳಿಸುತ್ತದೆ, ಅಕ್ಕಪಕ್ಕ ಓಲಾಡಿಸುತ್ತದೆ. ಟೆನೆಸಿಯ ಫ್ರೆಡ್ ಯಂಗ್ 1960ರ ದಶಕದ ಕೊನೆಯಲ್ಲಿ ಬಾಲ್ಸಾ ಮರದಲ್ಲಿ ಕೆತ್ತುತ್ತಿದ್ದ ‘ಬಿಗ್ ಓ’ ಈ ದುಂಡು ಹೊಟ್ಟೆಯ ಬೈಟುಗಳಿಗೆ ಹೆಸರು ತಂದಿತು. ಆಮೇಲೆ ಅದರ ಪ್ಲಾಸ್ಟಿಕ್ ರೂಪ ಬಂದು ಎಲ್ಲರ ಕೈಗೂ ತಲುಪಿತು.

ಈಗ ಆ ಕೊಕ್ಕೆಯನ್ನು ಗಮನಿಸು. ಎಷ್ಟು ಸಣ್ಣದು, ಎಷ್ಟು ತೆಳ್ಳಗಿದೆ! ಬಾಸ್ ಮೀನು ಬೈಟಿಗೆ ಬಾಯಿ ಹಾಕಿದಾಗ ಬಹಳ ಸಲ ಒಂದೇ ಒಂದು ಮೊನೆ ತುಟಿಯಂಚಿನ ಚರ್ಮಕ್ಕೆ ಸಿಕ್ಕಿಕೊಂಡಿರುತ್ತದೆ. ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಒದರುತ್ತದೆ. ರಾಡ್ ಬಿರುಸಾಗಿದ್ದರೆ ಆ ಒದರಿಗೆ ತೂತು ದೊಡ್ಡದಾಗುತ್ತದೆ, ದಾರ ಒಂದು ಕ್ಷಣ ಸಡಿಲವಾದರೂ ಸಾಕು, ಬೈಟ್ ಕಳಚಿ ಬೀಳುತ್ತದೆ. ಅರ್ಧದವರೆಗೂ ಬಾಗುವ ರಾಡಾದರೆ ಪ್ರತಿ ಒದರನ್ನೂ ತಾನು ನುಂಗಿಕೊಂಡು ದಾರವನ್ನು ಬಿಗಿಯಾಗಿಯೇ ಇಡುತ್ತದೆ. ಇನ್ನೊಂದು ಲಾಭವೂ ಉಂಟು. ಬಿರುಸು ರಾಡಿನಲ್ಲಿ ಮೀನು ಮುಟ್ಟಿದ್ದು ತಟ್ಟನೆ ಗೊತ್ತಾಗಿ ಕೈ ಆತುರ ಪಡುತ್ತದೆ, ಬೈಟನ್ನು ಮೀನಿನ ಬಾಯಿಂದ ನಾವೇ ಕಿತ್ತುಕೊಳ್ಳುತ್ತೇವೆ. ಮೆತ್ತನೆಯ ರಾಡ್ ಮೀನಿಗೆ ಬಾಯಿ ಮುಚ್ಚಲು ಅರೆಗಳಿಗೆ ಕೊಡುತ್ತದೆ. 1993ರಲ್ಲಿ ಅಲಬಾಮಾದ ಲೋಗನ್ ಮಾರ್ಟಿನ್ ಜಲಾಶಯದಲ್ಲಿ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ಮೀನುಗಾರಿಕೆ ಸ್ಪರ್ಧೆ ಗೆದ್ದ ಡೇವಿಡ್ ಫ್ರಿಟ್ಸ್ ಕ್ರ್ಯಾಂಕ್‌ಬೈಟಿಗೇ ಹೆಸರಾದವರು. ಅವರೂ ಇಂಥ ಮೆತ್ತನೆಯ ರಾಡುಗಳ ಪರವೇ.

ಬೆಲೆಯ ಗುಟ್ಟು ಇರುವುದೂ ಇಲ್ಲೇ. ಗ್ರಾಫೈಟ್ ಹಗುರ, ಬಿರುಸು. ಹಗುರವೂ ಬಿರುಸೂ ಹೆಚ್ಚಿದಷ್ಟೂ ಬೆಲೆ ಏರುತ್ತದೆ. ಫೈಬರ್‌ಗ್ಲಾಸ್ ಸ್ವಲ್ಪ ಭಾರ, ಆದರೆ ಮೆತ್ತಗೆ ಬಾಗುತ್ತದೆ, ಗಟ್ಟಿಮುಟ್ಟು, ಅಗ್ಗ. ನಿನ್ನ ಕೆಲಸಕ್ಕೆ ಬೇಕಾದ ಗುಣವೇ ಕಡಿಮೆ ದುಡ್ಡಿಗೆ ಸಿಗುತ್ತಿರುವಾಗ ಬೇಡದ ಗುಣಕ್ಕೆ ಮುನ್ನೂರು ಡಾಲರ್ ಏಕೆ? ಇಡೀ ದಿನ ಎಸೆದರೆ ಶುದ್ಧ ಗ್ಲಾಸ್ ರಾಡಿನಿಂದ ತೋಳು ನೋಯುತ್ತದೆ ಎನ್ನುವುದು ನಿಜ. ಅದಕ್ಕೆ ಎರಡನ್ನೂ ಬೆರೆಸಿದ ಕಾಂಪೊಸಿಟ್ ರಾಡ್ ಇದೆ. 1976ರಿಂದ ಬರುತ್ತಿರುವ ಅಗ್ಲಿ ಸ್ಟಿಕ್ ಹೀಗೆ ಬೆರೆಸಿ ಮಾಡಿದ್ದೇ.

ಹಿಡಿಯ ಮೇಲ್ಗಡೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಸಾವಧಾನವಾಗಿ ಓದು. ಪವರ್ ಎಂದರೆ ರಾಡನ್ನು ಬಾಗಿಸಲು ಎಷ್ಟು ಬಲ ಬೇಕು ಎಂಬುದು, ಆ್ಯಕ್ಷನ್ ಎಂದರೆ ಅದು ಎಲ್ಲಿಂದ ಬಾಗುತ್ತದೆ ಎಂಬುದು. ಇವೆರಡನ್ನೂ ಒಂದೇ ಎಂದುಕೊಂಡು ಎಷ್ಟೋ ಜನ ಮೋಸ ಹೋಗುತ್ತಾರೆ. ನಿನಗೆ ಬೇಕಾದದ್ದು 7 ಅಡಿಯ ಕಾಸ್ಟಿಂಗ್ ರಾಡ್, ಮೀಡಿಯಂ ಪವರ್, ಮಾಡರೇಟ್ ಆ್ಯಕ್ಷನ್. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಅಲ್ಲ, ಆದ್ದರಿಂದ ಬೈಟಿನ ತೂಕದ ಅಂಕಿಯನ್ನು ಹೆಚ್ಚು ನಂಬು. ಕಾಲು ಔನ್ಸಿನಿಂದ ಮುಕ್ಕಾಲು ಔನ್ಸ್, ಅಂದರೆ ಸುಮಾರು 7ರಿಂದ 21 ಗ್ರಾಂ ಎಂದಿದ್ದರೆ ನಿನ್ನ ಡಬ್ಬಿಯ ಬಹುಪಾಲು ಬೈಟುಗಳಿಗೆ ಸಾಕು. 15–20 ಅಡಿ ಆಳಕ್ಕಿಳಿಯುವ ದಪ್ಪ ಬೈಟುಗಳಿಗೆ ಇನ್ನೂ ಉದ್ದದ, ಇನ್ನಷ್ಟು ಬಲದ ರಾಡ್ ಬೇಕು. ಬೈಟ್ ಅಷ್ಟು ಆಳ ತಲುಪಬೇಕಾದರೆ ಬಹಳ ದೂರ ಎಸೆಯಬೇಕಲ್ಲ, ಅದಕ್ಕೆ. ಆ ಆಸೆ ಮುಂದಿನ ವರ್ಷಕ್ಕಿರಲಿ.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಪರೀಕ್ಷೆ ಮಾಡು. ಜೊತೆಗಿರುವವರಿಗೆ ತುದಿ ಹಿಡಿಯಲು ಹೇಳಿ, ಹಿಡಿಯನ್ನು ಮೆಲ್ಲಗೆ ಮೇಲಕ್ಕೆತ್ತು. ತುದಿಯಷ್ಟೇ ಬಾಗಿ ಉಳಿದದ್ದು ನೆಟ್ಟಗೆ ನಿಂತರೆ ಅದು ಫಾಸ್ಟ್ ರಾಡ್, ಬೇಡ. ನಡುವಿನವರೆಗೂ ಬಳುಕಿ ಬಂದರೆ ಸರಿ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡು, ದಾರ ಹಾಯುವ ಬಳೆಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ರೀಲ್ ಕೂರಿಸಿದರೆ ಅಲ್ಲಾಡಬಾರದು. ಹಳೆಯ ರಾಡ್ ಕೊಳ್ಳುವುದಾದರೆ ಒಂದು ಚೂರು ಹತ್ತಿಯನ್ನು ಪ್ರತಿ ಬಳೆಯ ಒಳಗೂ ಸುತ್ತ ಉಜ್ಜು. ಕಣ್ಣಿಗೆ ಕಾಣದ ಬಿರುಕಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಬಳೆ ದಾರವನ್ನು ಕೊಯ್ದು ಹಾಕುತ್ತದೆ.

ಉಳಿದ ದುಡ್ಡನ್ನು ಜೋಪಾನ ಮಾಡು. 10–12 ಪೌಂಡಿನ ಫ್ಲೋರೋಕಾರ್ಬನ್ ದಾರ ಹಾಕು. ಹೆಣೆದ ದಾರ, ಅಂದರೆ ಬ್ರೇಡ್, ಹಿಗ್ಗುವುದೇ ಇಲ್ಲ ಎನ್ನಬಹುದು, ರಾಡಿನ ಮೆದುತನದಿಂದ ಬಂದ ಲಾಭ ಅದರಿಂದ ಕಡಿಮೆಯಾಗುತ್ತದೆ. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ ಇರಲೇಬೇಕು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಲಾರ್ಜ್‌ಮೌತ್ ಬಾಸನ್ನು ಮನೆಗೆ ತರುವಂತಿಲ್ಲ, ನೀರಿಗೇ ಬಿಡಬೇಕು. ಗಾಯ ಮಾಡಿ ಬಿಟ್ಟರೆ ಬಿಟ್ಟೂ ಪ್ರಯೋಜನವಿಲ್ಲ. ಟೆಕ್ಸಸ್‌ನಲ್ಲಿ 17 ತುಂಬಿದವರಿಗೆ ಲೈಸೆನ್ಸ್ ಬೇಕು. ಅದಕ್ಕೂ ಈಗ ದುಡ್ಡಿಲ್ಲವೆಂದರೆ ಸ್ಟೇಟ್ ಪಾರ್ಕುಗಳ ದಡದಲ್ಲಿ ಲೈಸೆನ್ಸಿಲ್ಲದೆಯೇ ಗಾಳ ಹಾಕಬಹುದು. ಹಲವು ಪಾರ್ಕುಗಳಲ್ಲಿ ರಾಡು, ರೀಲನ್ನು ಏಳು ದಿನದ ಮಟ್ಟಿಗೆ ಪುಕ್ಕಟೆಯಾಗಿ ಕೊಡುತ್ತಾರೆ. ಗೀಳು ನಿಜವೋ ಅಲ್ಲವೋ ಎಂದು ಅಲ್ಲೇ ಪರೀಕ್ಷಿಸಿಕೊ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ನಿನಗೆ ಬೇಸರವಾಗುವಷ್ಟು ಸಲ ಹೇಳಿದ್ದೇವೆ, ಇಲ್ಲೂ ಅದೇ ಸಲ್ಲುತ್ತದೆ. ಅಂಗಡಿಯವರು ಒಂದೊಂದು ಬೈಟಿಗೆ ಒಂದೊಂದು ರಾಡ್ ತೋರಿಸುತ್ತಾರೆ. ಕ್ರೆಡಿಟ್ ಕಾರ್ಡ್ ಹೊರಗೆ ತೆಗೆಯಬೇಡ. ಒಂದೇ ರಾಡನ್ನು ವಸಂತದಿಂದ ಚಳಿಗಾಲದವರೆಗೆ ಎಸೆ. ಮೀನು ಕಚ್ಚಿದಾಗ ಜಗ್ಗದೆ, ಸುತ್ತುವುದನ್ನು ನಿಲ್ಲಿಸದೆ, ರಾಡನ್ನು ಪಕ್ಕಕ್ಕೆ ಎಳೆಯುವುದನ್ನು ಕಲಿ. ಅದು ಕೈಗೆ ಬಂದ ಮೇಲೆ ಎರಡನೆಯ ರಾಡ್ ಬೇಕೋ ಬೇಡವೋ ಎಂಬುದನ್ನು ನನ್ನನ್ನು ಕೇಳದೆ ನೀನೇ ತೀರ್ಮಾನಿಸಬಲ್ಲೆ.